ಗುಡ್ಡದ ಮನೆ ಪಾಸ್ ಮಾಡಿದ ಕಾಕಾ

ಮೊದಲು ನನ್ನ ಮೂರ್ಖತನ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ಮಾವಶಿ ಹೇಳುತ್ತಾಳೆ. ಅವಳು ಹೇಳಿದರೆ ಖಾರ ಜಾಸ್ತಿ.

ಆ ಗುಡ್ಡದ ಮೇಲಿನ ಮನೆಯಲ್ಲಿ ನಮಗೆ ನಿಜ ಹೇಳಿದ್ದು ಒಂದೇ ಒಂದು, ಬಚ್ಚಲಮನೆಯ ನಳ. ತಿರುವಿದೆ. ‘ಖೊಕ್... ಖರ್‌ರ್... ಖಕ್!’ ಅಂದು ಸುಮ್ಮನಾಯಿತು. ಒಂದು ಹನಿ ನೀರಿಲ್ಲ. ತಲೆ ನೆಟ್ಟಗಿದ್ದವನು ಹೊರಗೆ ಬಂದು ‘ನಳಕ್ಕ ನೀರಿಲ್ಲ’ ಅನ್ನುತ್ತಿದ್ದ. ನಾನು ಹೊರಗೆ ಬಂದು ನಳದ ನಕಲು ಮಾಡಿದೆ. ಕಾಕಾ ಮುಂಜಾನೆ ಗಂಟಲು ಕೆರೆಯುವ ದನಿಗೂ ಅದಕ್ಕೂ ಕೂದಲೆಳೆಯಷ್ಟೂ ಫರಕಿರಲಿಲ್ಲ. “ಕೇಳ್ರಿ, ಕಾಕಾನ ತಮ್ಮ ಬಚ್ಚಲದಾಗ ಅದಾನ” ಅಂದೆ. ಮಾವಶಿ ನಕ್ಕಳು. ಕಾಕಾ ಕೂಡ ನಕ್ಕರು. ಮನೆ ತೋರಿಸಲು ಬಂದ ಏಜೆಂಟ ಮಾತ್ರ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಆ ಮನೆಯಲ್ಲಿ ಅಂದು ಬಂದ ನೀರು ಅಷ್ಟೇ. ಸುಳ್ಳು ಹೇಳುವ ತ್ರಾಸವನ್ನೂ ನಾನು ಆ ಮನುಷ್ಯನಿಗೆ ಕೊಡಲಿಲ್ಲ.

ಕಾಕಾ ತೀರಿಹೋಗಿ ಎಂಟು ತಿಂಗಳಾಯಿತು. ಅವರ ಹೆಸರು ಬರೆಯುವುದಿಲ್ಲ. ಕಾಗದದ ಮೇಲೆ ಹೆಸರು ಬಂತೆಂದರೆ ಅದರ ಕೆಳಗೆ ಯಾರೋ ಸಹಿ ಹಾಕಿಸಿಕೊಳ್ಳುತ್ತಾರೆ ಎಂಬುದು ಅವರದೇ ಮಾತು. ಸಂಬಂಧದಲ್ಲಿ ಅವರು ನನಗೆ ಕಾಕಾ ಅಲ್ಲ. ಸಾಂಗ್ಲಿಯ ವಿಶ್ರಾಮಬಾಗದ ನಮ್ಮ ಓಣಿಯಲ್ಲಿ ಎದುರುಮನೆಯವರು. ಮೂಲ ಸಮಡೋಳಿಯ ಜೈನರು. ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ, ಸಂಶಯಪಡಲು ಎರಡೂ. ಸಾಂಗ್ಲಿಯ ಪೇಟೆಯಲ್ಲಿ ನಲವತ್ತು ವರ್ಷ ಅರಿಶಿನ ಪರೀಕ್ಷೆ ಮಾಡಿ ಮಾಡಿ ಉಗುರಿನ ಬುಡ ಹಳದಿಯಾಗಿಯೇ ಉಳಿದಿತ್ತು. ಚೀಲದ ಬಾಯಿಯನ್ನು ಅವರು ನೋಡುತ್ತಿರಲಿಲ್ಲ. “ಮ್ಯಾಲಿನ ಕೊಂಬು ಮಾರಾಂವ ಆರಿಸಿ ಇಟ್ಟಿರತಾನ. ತಳದಾಗಿಂದು ತಾನ ಹೋಗಿ ಕುಂತಿರತೈತಿ” ಎಂದು ಚೀಲದ ತಳಕ್ಕೆ ಕೈ ಹಾಕಿಸಿ ಒಂದು ಕೊಂಬು ತೆಗೆಸುತ್ತಿದ್ದರು. ಅದನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದರು. ಟಣ್ ಅಂದರೆ ಒಣಗಿದ ಮಾಲು. ಬೇರೆ ಏನೇ ಅಂದರೂ ಅವರ ಹುಬ್ಬು ಏರುತ್ತಿತ್ತು. ಪೇಟೆಯವರು ಆ ಹುಬ್ಬು ನೋಡಿ ದರ ಇಳಿಸುತ್ತಿದ್ದರಂತೆ. ಇದನ್ನು ಹೇಳಿದವರು ಕಾಕಾನೇ. ಆದ್ದರಿಂದ ಪೂರ್ತಿ ನಂಬುವುದಿಲ್ಲ.

ನಿವೃತ್ತರಾದ ಮೇಲೆ ಚೀಲಗಳು ಹೋದವು, ಹುಬ್ಬು ಉಳಿಯಿತು. ಓಣಿಯಲ್ಲಿ ಯಾರು ಏನು ಕೊಂಡರೂ ಕಾಕಾನನ್ನು ಕರೆದೊಯ್ಯುತ್ತಿದ್ದರು. ಫ್ರಿಜ್, ಎಮ್ಮೆ, ಅಳಿಯ, ಏನಾದರೂ ಸರಿ. ನನ್ನ ಮೇಲಂತೂ ಅವರಿಗೆ ಕಾಯಂ ಸಂಶಯ. ಅದಕ್ಕೆ ಕಾರಣವಿದೆ. ಒಮ್ಮೆ ನಾನು ಅವರ ದನಿಯಲ್ಲೇ ಅವರ ಮನೆಗೆ ಫೋನ್ ಮಾಡಿ, “ಇವತ್ತ ಎಂಟ ಮಂದಿ ಉಣ್ಣಾಕ ಬರತಾರ” ಎಂದು ಅವರ ಹೆಂಡತಿ ಕಾಕೂಗೆ ಹೇಳಿದ್ದೆ. ಪಾಪ, ಆಕೆ ಹೊತ್ತು ಮುಳುಗುವ ಮುಂಚೆ ಎಂಟು ಮಂದಿಯ ಅಡಿಗೆ ಮುಗಿಸಿ ಬಾಗಿಲಲ್ಲಿ ನಿಂತಿದ್ದಳು. ಅಂದಿನಿಂದ ನಾನು ಫೋನ್ ಮಾಡಿದರೆ ಮೊದಲು ಪರೀಕ್ಷೆ.

“ಎಂಟ ಮಂದ್ಯಾಗ ಉಣ್ಣಾಕ ಯಾರ ಬಂದ್ರು?”

“ನಾ ಒಬ್ಬಾಂವ ಬಂದೆ, ಕಾಕಾ.”

“ಎಷ್ಟ ಚಪಾತಿ ತಿಂದಿ?”

“ಹನ್ನೊಂದು.”

“ಹಾಂ, ನೀನ ನಕಲ್ಯಾ. ಈಗ ಮಾತಾಡು.”

ಸಾಂಗ್ಲಿಯವರಿಗೆ ಒಂದು ಚಾಳಿಯಿದೆ. ಯಾರ ಮನೆಗೆ ಹೋದರೂ ಕಣ್ಣು ಮೊದಲು ಗೋಡೆಗೆ ಹೋಗುತ್ತದೆ. ಮಹಾಪೂರದಲ್ಲಿ ಕೃಷ್ಣೆಯ ನೀರು ಎಲ್ಲಿಯವರೆಗೆ ನಿಂತಿತ್ತು ಎಂಬ ಗೆರೆ, ಎರಡು ಕೋಟು ಬಣ್ಣ ಬಳಿದರೂ ನಮಗೆ ಕಾಣುತ್ತದೆ. ಕಾಕಾನಿಗೆ ಇದು ಚಾಳಿಯಲ್ಲ, ವ್ರತ. ನನ್ನ ಅಕ್ಕನಿಗೆ ಗಂಡು ನೋಡಲು ಮಿರಜಿಗೆ ಹೋದಾಗ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲೂ ಗೋಡೆಗೆ ಅಂಗೈ ಹಚ್ಚಿ, ಮೂಸಿ, “ಇಲ್ಲೀತನ ಬಂದಿಲ್ಲ” ಅಂದರು. ಹುಡುಗನ ಅಪ್ಪ, “ಇಲ್ಲೀತನ ನೀರ ಬಂದ್ರ ಮಿರಜ ಉಳೀತೈತೇನ್ರಿ?” ಎಂದು ನಕ್ಕ. “ಮಿರಜದ್ದು ನಂಗ ಗೊತ್ತಿಲ್ರಿ. ನಾ ನಮ್ಮ ಹುಡಿಗೀದು ನೋಡಾಕತ್ತೇನಿ” ಅಂದರು ಕಾಕಾ.

ಇನ್ನೊಂದು, ಅವರ ಬಾಟಲಿ. ಬಿಳಿ ಬಟ್ಟೆಯಲ್ಲಿ ಸೋಸಿ ಕುದಿಸಿದ ನೀರು ತುಂಬಿದ ಸ್ಟೀಲಿನ ಬಾಟಲಿ, ಅದರ ಕುತ್ತಿಗೆಗೆ ಸುತ್ತಿದ ಅದೇ ಬಟ್ಟೆ. ಅವರು ಇನ್ನೊಬ್ಬರ ಮನೆಯ ನೀರು ಮುಟ್ಟುತ್ತಿರಲಿಲ್ಲ. ಅದರಲ್ಲಿ ಧರ್ಮವೆಷ್ಟು, ಸಂಶಯವೆಷ್ಟು ಎಂದು ನನಗೆ ಇಂದಿಗೂ ತಿಳಿದಿಲ್ಲ. ನಮ್ಮ ಅವ್ವ ಇಪ್ಪತ್ತು ವರ್ಷ ತಂಬಿಗೆ ಮುಂದಿಟ್ಟಳು, ಅವರು ಇಪ್ಪತ್ತು ವರ್ಷ ಕೈ ಮುಗಿದರು. ಆ ಬಾಟಲಿಯನ್ನು ನೆನಪಿಡಿ. ಅಂದು ಗುಡ್ಡದ ಮೇಲೆ ಅದೂ ತುಂಬಿತ್ತು.

ಮಾವಶಿ ಅಂದರೆ ಅವ್ವನ ಅಕ್ಕ. ಮಿರಜಿನ ಒಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದಳು. “ಊರ ಮಂದೀದು ಬಾಣಂತನ ಮಾಡೂದ್ರಾಗ ನನ್ನ ಲಗ್ನ ಮರತ ಹೋತು” ಅನ್ನುತ್ತಾಳೆ. ಸಾಂಗ್ಲಿಯಲ್ಲಿ ಹೊಳೆಗೆ ಹತ್ತಿರದ ಓಣಿಯಲ್ಲಿ, ನೆಲಮಟ್ಟದ ಎರಡು ಕೋಣೆಯ ಮನೆ. ಎರಡು ಸಲ ಹೊಳೆಯ ಮಹಾಪೂರ ಒಳಗೆ ಬಂದಿದೆ. ಪೂರ ಬಂದಾಗ ಮೊದಲು ತೇಲುವುದು ಚಪ್ಪಲಿಯಂತೆ. ಅಂದಿನಿಂದ ಮಳೆಗಾಲ ಬಂತೆಂದರೆ ಅವಳು ಚಪ್ಪಲಿಯನ್ನು ಕಪಾಟಿನ ಮೇಲಿಟ್ಟು ಮಲಗುತ್ತಾಳೆ. ಮೇ ತಿಂಗಳ ರಜೆ ಎಂಬುದನ್ನು ಅವಳು ಒಮ್ಮೆಯೂ ಕಂಡವಳಲ್ಲ. ಬೇರೆಯವರ ಮಕ್ಕಳಿಗೆ ರಜೆ ಬಂದಾಗ ಇವಳಿಗೆ ಡಬಲ್ ಡ್ಯೂಟಿ. ನಿವೃತ್ತಿಯಾಗಿ ಇಡಿಗಂಟು ಕೈಗೆ ಬಂದಾಗ ಒಂದೇ ಆಸೆ ಹೇಳಿದಳು.

“ಎತ್ತರದಾಗ ಒಂದ ಮನಿ ಬೇಕು. ಮೇ ತಿಂಗಳಾಗ ನಿಮ್ಮನ್ನೆಲ್ಲಾ ಕರಕೊಂಡ ಹೋಗಬೇಕು. ಚಪ್ಪಲಿ ಕಾಟಿನ ಕೆಳಗ ಬಿಟ್ಟ ನಿಶ್ಚಿಂತಿ ಮಲಗಬೇಕು.”

ಅಷ್ಟರಲ್ಲಿ ಪೇಪರಿನೊಳಗೆ ಒಂದು ಚೀಟಿ ಬಂತು: ‘ಮೋಡದ ಪಕ್ಕದಲ್ಲಿ ನಿಮ್ಮದೊಂದು ಸೆಕೆಂಡ್ ಹೋಮ್’. ಕೊಲ್ಹಾಪುರ ದಾಟಿ, ಘಾಟು ಹತ್ತಿ, ಒಂದು ಗುಡ್ಡದ ಮೇಲೆ. ಏಜೆಂಟ ಮಿರಜಿನವನು, ಮರಾಠಿಯಲ್ಲಿ ಬೆಲೆ ಹೇಳಿ ಕನ್ನಡದಲ್ಲಿ ಆಣೆ ಮಾಡುವ ಆಸಾಮಿ. ಮಾವಶಿ ಕಾಕಾನನ್ನು ಕರೆಸಿದಳು. ಅವರು ಕುಂತರು, ಅವಳ ಗೋಡೆಯ ಗೆರೆ ನೋಡಿದರು, ತಮ್ಮ ನೀರು ಒಂದು ಗುಟುಕು ಕುಡಿದರು.

“ಸಿಸ್ಟರ್, ಮೊದಲ ಇದನ್ನ ಹೇಳ್ರಿ. ನೀವ ಇಲ್ಲದಾಗ ಆ ಮನ್ಯಾಗ ಯಾರ ಇರತಾರ?”

“ಯಾರೂ ಇಲ್ರಿ ಕಾಕಾ. ಕುಲುಪ ಹಾಕಿರತೇನಿ.”

“ತಪ್ಪ. ಇಲಿ ಇರತಾವ. ಹೆಜ್ಜೇನ ಇರತಾವ. ಈ ಏಜಂಟನ ದೋಸ್ತರು ಇರತಾರ. ವರ್ಷಕ್ಕ ಹದಿನೈದ ದಿವಸ ನೀವು ಅವರ ಮನೀಗೆ ಪಾವಣೇರಾಗಿ ಹೋಗತೀರಿ, ಅಷ್ಟ. ಮನೀಗೆ ಹೋಗೂ ದಾರಿ ಯಾರ ಹೊಲದಾಗ ಹಾಯ್ತೈತಿ?”

“ಕೇಳಿಲ್ರಿ.”

“ಜಮೀನಿನ ಕಾಗದ, ಸಾತಬಾರಾದಾಗ ಎಷ್ಟ ಹೆಸರದಾವ? ಆ ಮನೆತನದ ಹೆಣ್ಮಕ್ಕಳೂ ಸಹಿ ಹಾಕ್ಯಾರೇನು? ಇಲ್ಲಂದ್ರ ಹತ್ತ ವರ್ಷ ಬಿಟ್ಟು ಒಬ್ಬಾಕಿ ಅತ್ತೀ ಬಂದು ಪಡಸಾಲ್ಯಾಗ ಕುಂದರತಾಳ. ಡಾಕ್ಟರ ಎಷ್ಟ ದೂರ?”

“ನಾನ ಇರತೇನಲ್ರಿ, ಡಾಕ್ಟರ ಯಾಕ?”

“ಹೊಟ್ಟಿ ನಿಮ್ಮದ ಹಿಡಕೊಂಡ್ರ?”

ಕಾಕಾ ಎದ್ದು ಚಪ್ಪಲಿ ಮೆಟ್ಟುತ್ತ ಇನ್ನೊಂದು ಮಾತು ಹಾಕಿದರು. “ಕೊಳ್ಳೂ ದಿವಸ ಎಲ್ಲಾರೂ ನಿಮ್ಮ ಸುತ್ತ ಕುಣೀತಾರ. ಮಾರಬೇಕಂದ ದಿವಸ ಯಾರ ಬರತಾರ, ಅದನ್ನ ಇವತ್ತ ಎಣಸ್ರಿ. ಮನೀ ಬುಧವಾರ ನೋಡೂಣು. ಆದಿತ್ಯವಾರ ಎಲ್ಲಾ ಮನೀಗೂ ಪೌಡರ ಹಚ್ಚಿರತಾರ.”

ಹಾಗೆ ಫೆಬ್ರುವರಿಯ ಒಂದು ಬುಧವಾರ ನಾನು ಗಾಡಿ ಹೊಡೆದೆ. ಗುಡ್ಡ ಇನ್ನೂ ಹಸಿರಿತ್ತು. ಎರಡು ಕೋಣೆ, ಹಂಚಿನ ಮಾಡು, ಕಣಿವೆಗೆ ಮುಖ ಮಾಡಿದ ಪಡಸಾಲೆ. ಮಾವಶಿ ಪಡಸಾಲೆಯಲ್ಲಿ ನಿಂತು ಕೆಳಗೆ ನೋಡಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಇವಳು ಚಪ್ಪಲಿ ಬಿಡುವ ಜಾಗ ಆರಿಸುತ್ತಿದ್ದಾಳೆ. ಕಾಕಾ ಗೋಡೆಗೆ ಹೋದರು. ಅಂಗೈ ಹಚ್ಚಿದರು, ಮೂಸಿದರು, ಬಾಗಿ ಮೂಲೆ ಕೆರೆದರು. ಗೋಡೆ ಪಾಪಡದ ಹಾಗೆ ಒಣಗಿತ್ತು. ಅವರ ಮುಖದಲ್ಲಿ ಬಂದ ಸಮಾಧಾನವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಆಮೇಲೆ ಸುತ್ತಲಿನ ಬಂಗಲೆಗಳ ಕುಲುಪ ನೋಡಲು ಹೊರಟರು. ಒಟ್ಟು ಒಂಬತ್ತು ಮನೆ. ಏಳರ ಕುಲುಪಕ್ಕೆ ತುಕ್ಕು. ಒಂದರ ಕೀಲಿಯ ತೂತಿನಲ್ಲಿ ಜೇಡ ಸಂಸಾರ ಹೂಡಿತ್ತು.

“ಇವ್ರ್ಯಾರೂ ಬರೂದಿಲ್ಲೇನ್ರಿ?” ಕಾಕಾ ಹುಬ್ಬೇರಿಸಿದರು.

“ಪುಣೆ-ಮುಂಬೈ ಪಾರ್ಟಿ ಕಾಕಾ. ಅವ್ರಿಗೆ ಟೈಮ್ ಎಲ್ಲೈತ್ರಿ?” ಅಂದ ಏಜೆಂಟ.

ಕಾಕಾ ಎಲ್ಲ ಕುಲುಪಗಳನ್ನೂ ಜಗ್ಗಿ ನೋಡಿದರು. “ತುಕ್ಕ ಹಿಡದಾವ, ಆದ್ರ ಒಂದೂ ಮುರದಿಲ್ಲ. ಅಂದ್ರ ಕಳ್ಳರಿಲ್ಲ.” ಹುಬ್ಬು ಇಳಿಯಿತು.

ನಾನು ನಳ ತಿರುವಿದ್ದು ಎಲ್ಲರೂ ಮನೆಗೆ ತಿರುಗಿ ಬಂದ ಮೇಲೆ. ನಳದ ಪಕ್ಕದಲ್ಲಿ ಹೊಸ ನೀಲಿ ಡ್ರಮ್ ಕಂಠಮಟ ತುಂಬಿ ನಿಂತಿತ್ತು. ನಳ ಇದ್ದಲ್ಲಿ ಡ್ರಮ್ ಯಾಕೆ ಎಂದು ಕೇಳಲು ಅಂಥ ಬುದ್ಧಿಯೇನೂ ಬೇಕಿರಲಿಲ್ಲ. ಆದರೆ ನಾನು ನಕಲಿನ ಅಭ್ಯಾಸದಲ್ಲಿದ್ದೆ. ಮಾವಶಿ ಆ ಡ್ರಮ್ಮಿನಲ್ಲೇ ಮುಖ ತೊಳೆದು, ಕಾಲಿಗೂ ಎರಡು ತಂಬಿಗೆ ಸುರಿದುಕೊಂಡು, “ಏನ ತಣ್ಣಗೈತ್ರಿ ನೀರು!” ಎಂದಳು.

ನಾಲ್ಕೂವರೆಗೆ ಏಜೆಂಟ ಡಬ್ಬಿ ಬಿಚ್ಚಿದ. ವಿಶ್ರಾಮಬಾಗದ ಜೈನರ ಮನೆಯೊಂದರಲ್ಲಿ ಮಾಡಿಸಿದ್ದು. ಉಳ್ಳಾಗಡ್ಡಿ ಇಲ್ಲ, ಬಟಾಟೆ ಇಲ್ಲ, ಹೊತ್ತು ಮುಳುಗಲು ಇನ್ನೂ ಬೇಕಾದಷ್ಟು ಸಮಯ. ಕಾಕಾ ಮೂಸಿ ನೋಡಿ ಉಂಡರು, ತಮ್ಮ ಬಾಟಲಿಯ ನೀರು ಕುಡಿದರು, ಕೈ ಒರೆಸಿಕೊಂಡು ಹೇಳಿದರು: “ಬರೋಬ್ಬರಿ ಐತಿ, ಸಿಸ್ಟರ್. ತಗೋರಿ.”

ನಾನು ‘ಆದ್ರ’ ಎಂಬ ಶಬ್ದಕ್ಕೆ ಕಾಯುತ್ತ ಕುಂತೆ. ಬರಲಿಲ್ಲ. ಮಾವಶಿ ಇಸಾರ, ಅಂದರೆ ಮುಂಗಡ, ಕೊಟ್ಟಳು. ಮೇ ತಿಂಗಳಲ್ಲಿ ಖರೀದಿ ಎಂದು ನಿಶ್ಚಯವಾಯಿತು.

ಅಲ್ಲಿಂದ ನನ್ನ ಸಂಶಯ ಶುರುವಾಯಿತು, ಅದೂ ಕಾಕಾನ ಮೇಲೆ. ನಲವತ್ತು ವರ್ಷದಲ್ಲಿ ಒಂದು ಕೊಂಬನ್ನೂ ಸುಮ್ಮನೆ ಬಿಡದ ಮನುಷ್ಯ ಇಡೀ ಮನೆಯನ್ನು ‘ಬರೋಬ್ಬರಿ’ ಅಂದುಬಿಟ್ಟರೇ? ಒಂದು ಡಬ್ಬಿ ಊಟಕ್ಕೆ? ಮೂರು ತಿಂಗಳು ಅವರ ಮೇಲೆ ಕಣ್ಣಿಟ್ಟೆ. ಅವರ ಕಾಲಲ್ಲಿ ಹೊಸ ಚಪ್ಪಲಿ ಕಂಡಾಗ ಕಾಕೂನನ್ನೇ ವಿಚಾರಿಸಿದೆ. ಸೇಲಿನಲ್ಲಿ ತಂದದ್ದಂತೆ, ಎರಡೂ ಎಡಗಾಲಿನವಲ್ಲ ಎಂದು ನಾಲ್ಕು ಸಲ ನೋಡಿದ್ದರಂತೆ. ಒಂದು ದಿನ ಕಾಕಾ ನನ್ನನ್ನು ಓಣಿಯಲ್ಲೇ ತಡೆದರು.

“ಏನ ನಕಲ್ಯಾ, ನನ್ನ ನೋಡೂ ನೋಟ ಬದಲ ಆಗೇತಿ?”

“ನಿಮ್ಮ ಕಡಿಂದನ ಕಲತೇನ್ರಿ ಕಾಕಾ.”

ಸಿಟ್ಟಾಗುತ್ತಾರೆಂದುಕೊಂಡೆ. ಅವರು ಬೆನ್ನು ಚಪ್ಪರಿಸಿದರು. “ಬೇಸ್ ಆತು. ಹಂಗ ಇರಲಿ.”

ಖರೀದಿಗೆ ಎರಡು ದಿನ ಉಳಿದಿತ್ತು. ಮುಂಜಾನೆ ಅವ್ವ ನಮ್ಮ ಬಚ್ಚಲಿನ ನಳ ತಿರುವಿದಳು. ‘ಖೊಕ್... ಖರ್‌ರ್... ಖಕ್!’ ಹಲ್ಲುಜ್ಜುತ್ತಿದ್ದ ನನ್ನ ಬಾಯಿ ತಾನಾಗಿಯೇ ಪಡಿನುಡಿಯಿತು.

“ನಿನ್ನ ನಕಲ ಸುಡ್ಲಿ. ಎಲ್ಲ್ಯೋ ಪೈಪ್ ಒಡದೈತಂತ. ನೀರಿಲ್ಲ, ಕೊಡಾ ತಗೊಂಡ ನಡಿ” ಅಂದಳು ಅವ್ವ.

ಬಾಯಿಯಲ್ಲಿ ಬ್ರಶ್ ಇಟ್ಟುಕೊಂಡೇ ಎದುರುಮನೆಗೆ ಓಡಿದೆ. ಕಾಕಾ ಅಡಿಗೆಮನೆಯ ಕಟ್ಟೆಯ ಮುಂದೆ ನಿಂತು ಬಾಟಲಿಗೆ ನೀರು ತುಂಬುತ್ತಿದ್ದರು.

“ಕಾಕಾ, ಅವತ್ತ ಗುಡ್ಡದ ಮ್ಯಾಲ ನಾ ಕೆಮ್ಮಿದ್ನಲ್ಲ...”

“ನನ್ನ ನಕಲ. ಗೊತ್ತೈತಿ.”

“ನಿಮ್ಮದಲ್ರಿ. ನಳದ್ದು. ನಳ ಕೆಮ್ಮಿತ್ತು, ನೀರ ಬಂದಿರಲಿಲ್ಲ. ನಾ ಹೇಳಲಿಲ್ಲ.”

ಸುರಿಯುತ್ತಿದ್ದ ಕೈ ನಿಂತಿತು. ಬೈಯಲಿಲ್ಲ. ಬೈದಿದ್ದರೆ ಅದರ ನಕಲನ್ನಾದರೂ ಮಾಡಬಹುದಿತ್ತು.

“ನಾ ಅಲ್ಲಿ ನೀರ ಕುಡದೇನೇನು?”

“ಇಲ್ರಿ. ನಿಮ್ಮ ಬಾಟ್ಲಿ ಇತ್ತಲ್ಲ.”

“ಯಾರನ್ನರ ಒಂದ ತಂಬಿಗಿ ಬೇಡಿದೇನೇನು?”

“ಇಲ್ರಿ.”

“ಗ್ವಾಡಿಗೆ ನೀರ ಬರತೈತೇನ ನೋಡಿದೆ. ನಳಕ್ಕ ಬರತೈತೇನ ನೋಡಲಿಲ್ಲ.” ಅವರು ಬಾಟಲಿಯ ನೀರನ್ನು ಪಾತ್ರೆಗೆ ತಿರುಗಿ ಸುರಿದು, ಖಾಲಿ ಬಾಟಲಿಯನ್ನು ಕಿಟಕಿಯಲ್ಲಿ ಬೋರಲು ಹಾಕಿದರು. ಬಟ್ಟೆಯನ್ನು ಮಾತ್ರ ಕಿಸೆಗೆ ಹಾಕಿಕೊಂಡರು. “ಬಾಯಿ ತೊಳ್ಕೊ. ಸಿಸ್ಟರ್‌ನ ಕರಿ. ನಡಿ.”

ಮೇ ತಿಂಗಳ ಗುಡ್ಡ ಬೇರೆಯೇ ಗುಡ್ಡ. ಹುಲ್ಲು ಹಳದಿ, ಕಲ್ಲು ಕೆಂಪು, ನೆರಳು ಕಪ್ಪು. ಅಷ್ಟು ಬಿಟ್ಟರೆ ಏನೂ ಇಲ್ಲ. ದಾರಿಯುದ್ದ ಕಾಕಾ ಹನಿ ನೀರು ಮುಟ್ಟಲಿಲ್ಲ. ಮಾವಶಿ ತನ್ನ ಬಾಟಲಿ ಚಾಚಿದರೆ ಕೈ ಮುಗಿದು, “ಇವತ್ತ ಅಲ್ಲಿ ಏನೈತಿ ಅದನ್ನ ಕುಡೀತೇನ್ರಿ” ಅಂದರು. ಮನೆಯೊಳಗೆ ನೀಲಿ ಡ್ರಮ್ಮಿನ ತಳದಲ್ಲಿ ಒಂದು ಹಲ್ಲಿ. ಕಾಕಾ ತಾವೇ ನಳ ತಿರುವಿದರು. ಈ ಸಲ ಅದು ಕೆಮ್ಮಲೂ ಇಲ್ಲ.

ಪಡಸಾಲೆಯಲ್ಲಿ ಕುಂತೆವು. ಏಜೆಂಟನಿಗೆ ಫೋನ್ ಮಾಡಿದೆ, ಬರುತ್ತೇನೆ ಅಂದ. ಅವನಿಗಿಂತ ಮೊದಲು ಕೆಳಗಿನ ದಾರಿಯಿಂದ ಒಬ್ಬ ಹೆಂಗಸು ತಲೆಯ ಮೇಲೆ ಎರಡು ಕೊಡ ಹೊತ್ತು ಏರಿ ಬಂದಳು. ಬಂಗಲೆಗಳ ಕಸ ಹೊಡೆಯುವವಳಂತೆ. ಕಾಕಾ ಎದ್ದು ನಿಂತು ಮರಾಠಿಯಲ್ಲಿ ಒಂದು ತಂಬಿಗೆ ನೀರು ಬೇಡಿದರು. ಆಕೆ ಕೊಡ ಇಳಿಸಿದಳು. ಮಳೆಗಾಲದಲ್ಲಿ ಇಲ್ಲಿ ಬೇಕಾದಷ್ಟು ಬೀಳುತ್ತದೆ, ಈ ಕಲ್ಲು ಒಂದು ಹನಿ ಹಿಡಿಯುವುದಿಲ್ಲ ಅಂದಳು. ಸಂಕ್ರಾಂತಿ ಮುಗಿದರೆ ಕೆಳಗಿನ ಬಾವಿಯೇ ಗತಿ. ಮನೆಗಳವರು ಯಾಕೆ ಬರುವುದಿಲ್ಲ ಎಂದು ಕಾಕಾ ಕೇಳಿದರೆ, ಒಂದು ಮೇ ತಿಂಗಳಿಗೆ ಬಂದವರು ಎರಡನೆಯದಕ್ಕೆ ಬರುವುದಿಲ್ಲ ಅಂದಳು. ಫೆಬ್ರುವರಿಯಲ್ಲಿ ಯಾರೋ ಗಿರಾಕಿ ಬರುತ್ತಾರೆಂದು ಆ ಡ್ರಮ್ ತುಂಬಿದ್ದೂ ಅವಳೇ. ಹದಿನಾಲ್ಕು ಕೊಡ. “ಅದರಲ್ಲಿ ಯಾರೋ ಹೆಣ್ಣುಮಗಳು ಕಾಲಿಗೆ ಸುರಿದುಕೊಂಡಿದ್ದಳು” ಎಂದೂ ಹೇಳಿದಳು, ದೂರಲಿಲ್ಲ, ಸುಮ್ಮನೆ ಹೇಳಿದಳು.

ಮಾವಶಿ ತನ್ನ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

ಕಾಕಾ ಬಟ್ಟೆ ತೆಗೆದು ತಂಬಿಗೆಯ ಬಾಯಿಗೆ ಹಿಡಿದು ಸೋಸಿ, ನಿಂತುಕೊಂಡೇ ಅರ್ಧ ತಂಬಿಗೆ ಕುಡಿದರು. ಇನ್ನೊಬ್ಬರ ಕೊಡದ, ಕುದಿಸದ ನೀರು ಅವರು ಕುಡಿದದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಉಳಿದರ್ಧ ತಂಬಿಗೆಯನ್ನು ಆಕೆಯ ಕೊಡಕ್ಕೇ ತಿರುಗಿ ಹಾಕಲೇ ಎಂದು ಕೇಳಿದರು.

ಏಜೆಂಟ ಬಂದ. ಕಂಕುಳಲ್ಲಿ ಕಾಗದಗಳಿದ್ದವು, ಮುಖದಲ್ಲಿ ನಗೆಯಿತ್ತು. ಕೊಡ ನೋಡಿದ ಮೇಲೂ ನಗೆ ಹೋಗಲಿಲ್ಲ.

“ಅಲ್ರಿ ಮಾವಶಿ, ವರ್ಷಕ್ಕ ಹದಿನೈದ ದಿವಸ ಬರಾವ್ರು ನೀವು. ಒಂದ ಫೋನ್ ಹಾಕ್ರಿ, ಟ್ಯಾಂಕರ್ ಬಂದ ನಿಂದರತೈತಿ.”

“ಘಾಟಿನ್ಯಾಗ ಟ್ಯಾಂಕರ್ ಹತ್ತತೈತಿ?” ಮಾವಶಿ ಆ ಹೆಂಗಸನ್ನು ಕೇಳಿದಳು. ಆಕೆ ಏಜೆಂಟನ ಮುಖ ನೋಡಿ ಸಿಂಬಿ ಸರಿಮಾಡಿಕೊಂಡಳು. ಮಾವಶಿಗೆ ಅಷ್ಟು ಸಾಕಾಯಿತು.

“ನಂಗ ಬ್ಯಾಡಪಾ. ನನ್ನ ಚಪ್ಪಲಿ ಕಪಾಟಿನ ಮ್ಯಾಲನ ಇರಲಿ. ನಾ ಕಾಲ ತೊಳ್ಕೊಳ್ಳಾಕ ಇನ್ನೊಬ್ಬಾಕಿ ತಲೀ ಮ್ಯಾಲ ಹೊರಸೂದ ಆಗೂದಿಲ್ಲ.”

“ಇಸಾರ ವಾಪಸ್ ಸಿಗೂದಿಲ್ಲ.”

“ಇಟ್ಕೊ.”

ಆಗ ಅವನ ನಗೆ ಹೋಯಿತು. ಕಾಕಾನ ಕಡೆ ತಿರುಗಿದ. “ಕಾಕಾ, ಪಾಸ್ ಮಾಡಿದವ್ರು ನೀವು. ‘ಬರೋಬ್ಬರಿ ಐತಿ’ ಅಂದವ್ರು ನೀವು. ನಿಮ್ಮ ಮಾತಿನ ಮ್ಯಾಲ ನಾ ಬ್ಯಾರೆ ಗಿರಾಕಿ ಬಿಟ್ಟೇನಿ. ಈಗ ಏನ ನಿಮ್ಮ ಪರೀಕ್ಷಾ ಸುಳ್ಳಂತೀರೇನು?”

ಅವರಿಗೆ ದಾರಿಗಳಿದ್ದವು. ‘ಹುಡುಗ ಹೇಳಲಿಲ್ಲ’ ಅನ್ನಬಹುದಿತ್ತು. ಅದು ನಿಜವೂ ಆಗಿತ್ತು. ‘ಟ್ಯಾಂಕರ್ ಬಂದರೆ ನಡೆಯುತ್ತದೆ’ ಎಂದು ಹೆಸರು ಉಳಿಸಿಕೊಳ್ಳಬಹುದಿತ್ತು. ನಾನೇ ಮುಂದೆ ಬಂದು, “ತಪ್ಪ ನಂದ್ರಿ, ನಳ ನಾ...” ಅನ್ನುವಷ್ಟರಲ್ಲಿ ಹಳದಿ ಉಗುರಿನ ಕೈ ನನ್ನನ್ನು ತಡೆಯಿತು.

“ಸುಳ್ಳ” ಅಂದರು ಕಾಕಾ. “ಚೀಲದ ತಳಕ್ಕ ಕೈ ಹಾಕಲಿಲ್ಲ ನಾ.”

“ಇದನ್ನ ಪ್ಯಾಟ್ಯಾಗ ನಾಕ ಮಂದಿ ಮುಂದ ಹೇಳತೇನ್ರಿ ಮತ್ತ!” ಏಜೆಂಟನ ದನಿ ಏರಿತು. “ಇನ್ನ ಮ್ಯಾಲ ಸಾಂಗ್ಲಿ-ಮಿರಜದಾಗ ನಿಮ್ಮ ಮಾತ ಯಾರ ನಂಬತಾರ?”

ಕಾಕಾ ಒದ್ದೆ ಬಟ್ಟೆಯನ್ನು ಹಿಂಡಿ, ನಾಲ್ಕು ಮಡಿಕೆ ಮಾಡಿ ಕಿಸೆಗಿಟ್ಟುಕೊಂಡರು.

“ಯಾರನ್ನೂ ನಂಬಬ್ಯಾಡ್ರಿ ಅಂತ ನಲವತ್ತ ವರ್ಷದಿಂದ ಬಡಕೊಳ್ಳಾಕತ್ತೇನಿ. ನನ್ನೂ ಸೇರಿಸಿನ ಹೇಳಿದ್ದಪಾ ಅದು.”